ದಶಮಿಯ ಬೆಳಿಗ್ಗೆ ಮಿಣುಕಿದ ದೀಪ

ಶಶಿರೇಖ ಕಾರಿನ ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದಳು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರು ಚಿಮ್ಮುವ ಹಾಗೆ ಮಾಡಿ, ಎಂಜಿನ್ನಿನ ಸಂದುಗೊಂದುಗಳಲ್ಲಿ ಕೂತಿದ್ದ ಕಪ್ಪು ಜಿಡ್ಡನ್ನು ತೊಳೆಯತೊಡಗಿದಳು. ಪಕ್ಕದಲ್ಲಿ ಅವಳ ಸೋದರತ್ತೆ ನಾರೆಮ್ಮ ತೆಂಗಿನ ನಾರು ಹಿಡಿದು ಚಕ್ರ ಉಜ್ಜುತ್ತಿದ್ದಳು. ಇಬ್ಬರ ಬಾಯಲ್ಲೂ ಮಾತಿಲ್ಲ.

ಜಗಳವೇನೂ ಆಗಿರಲಿಲ್ಲ. ಒಳಗೆ ಹುಳುಮನೆಯಲ್ಲಿ, ನಾರೆಮ್ಮ ಎಳೆಯದರಲ್ಲಿ ಸಾಕಿ ಊರೂರಿನ ಬೆಳೆಗಾರರಿಗೆ ಮುಟ್ಟಿಸುವ ರೇಷ್ಮೆ ಮರಿಗಳು ಎರಡನೇ ಜ್ವರಕ್ಕೆ ಕೂತಿದ್ದವು. ಬೆಳೆಯುವ ಹುಳು ಹಳೆಯ ಚರ್ಮ ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಮನೆಯ ಸುತ್ತ ಯಾರೂ ಬಾಯಿ ಬಿಡಬಾರದು ಎನ್ನುವುದು ನಾರೆಮ್ಮನ ಕಟ್ಟಳೆ. ಹುಳುವಿಗೆ ಕಿವಿ ಇದೆಯೋ ಇಲ್ಲವೋ ಆಕೆ ಯಾರನ್ನೂ ಕೇಳಲು ಹೋಗಿರಲಿಲ್ಲ. ಶಶಿರೇಖಳಿಗಂತೂ ಆ ಕಟ್ಟಳೆ ಹಬ್ಬವಿದ್ದ ಹಾಗೆ. ಮಾತಾಡದೆ ಇರಲು ಅವಳಿಗೆ ಬೇರೆ ನೆಪ ಬೇಕಿರಲಿಲ್ಲ.

ಅದು ಆಯುಧಪೂಜೆಯ ದಿನ. ಓಣಿಯ ಪ್ರತಿ ಮನೆಯ ಮುಂದೆಯೂ ಒಂದಲ್ಲ ಒಂದು ಗಾಡಿ ಬಾಯಿ ತೆರೆದು ಸ್ನಾನ ಮಾಡಿಸಿಕೊಳ್ಳುತ್ತಿತ್ತು. ತೊಳೆದಾದ ಮೇಲೆ ಶಶಿರೇಖ ಗಾಜಿನ ಮೇಲೆ ವಿಭೂತಿ ಎಳೆದಳು, ಚೆಂಡು ಹೂವಿನ ಹಾರ ಕಟ್ಟಿದಳು, ಸ್ಪ್ಯಾನರ್‌ಗಳನ್ನೂ ಸೊಪ್ಪು ಕತ್ತರಿಸುವ ಚಾಕುಗಳನ್ನೂ ಮಣೆಯ ಮೇಲೆ ಸಾಲಾಗಿ ಜೋಡಿಸಿದಳು. ಕೊನೆಗೆ ಕಾರಿನೊಳಗೆ ಬಗ್ಗಿ, ಸ್ಟೀರಿಂಗ್ ಕೆಳಗಿದ್ದ ನಾಡಿಪೆಟ್ಟಿಗೆಗೂ ಒಂದು ಬೊಟ್ಟು ಕುಂಕುಮ ಇಟ್ಟಳು. ಪೂಜೆಗೆ ಕೂರಿಸಿದ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಕಾರು ಅಲ್ಲಿಂದ ಕದಲುವುದೇನಿದ್ದರೂ ಮರುದಿನ, ವಿಜಯದಶಮಿಯ ಬೆಳಿಗ್ಗೆಯೇ.

ನಾಡಿಪೆಟ್ಟಿಗೆ ಬಂದದ್ದು ಆ ವರ್ಷವೇ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಊರುಗಳ ಗಾಳಿ ಉಸಿರಾಡಲಾರದಷ್ಟು ಕೆಟ್ಟ ಮೇಲೆ ಸರ್ಕಾರ ಉಳಿದಿದ್ದ ಪೆಟ್ರೋಲ್ ಗಾಡಿಗಳಿಗೆಲ್ಲ ಅದನ್ನು ಹಾಕಿಸಿತ್ತು. ಎಂಜಿನ್ನಿನಲ್ಲಿ ಸಾಮಾನ್ಯವಾಗಿ ನಾಲ್ಕು ಕೊಳವೆಗಳು. ಒಂದೊಂದರಲ್ಲೂ ಕಿಡಿ ಹಾರಿ ಪೆಟ್ರೋಲ್ ಹೊತ್ತಿದಾಗ ಎಂಜಿನ್ನಿನ ದಂಡ ತಿರುಗುತ್ತದೆ. ಎಲ್ಲೋ ಒಂದು ಕಿಡಿ ತಪ್ಪಿದರೆ ದಂಡ ಕಣ್ಣಿಗೆ ಕಾಣದಷ್ಟು ಸಣ್ಣಗೆ ಮುಗ್ಗರಿಸುತ್ತದೆ. ಪೆಟ್ಟಿಗೆ ಆ ಮುಗ್ಗರಿಕೆಗಳನ್ನು ಲೆಕ್ಕ ಇಡುತ್ತದೆ. ಅಪರೂಪಕ್ಕೊಂದು ಆದರೆ ಸ್ಟೀರಿಂಗ್ ಮುಂದಿನ ಎಂಜಿನ್ ದೀಪ ಸುಮ್ಮನೆ ಹೊತ್ತಿಕೊಂಡಿರುತ್ತದೆ, ಪುರುಸೊತ್ತಾದಾಗ ತೋರಿಸು ಎನ್ನುವ ಹಾಗೆ. ಸಾಲುಸಾಲಾಗಿ ಆದರೆ ದೀಪ ಮಿಣುಕಲು ಶುರುಮಾಡುತ್ತದೆ. ಮಿಣುಕಿದರೆ ಗಾಡಿಯನ್ನು ಆಗಲೇ ನಿಲ್ಲಿಸಬೇಕು. ಹೊತ್ತದೆ ಉಳಿದ ಪೆಟ್ರೋಲ್ ಹೊಗೆಕೊಳವೆಗೆ ನುಗ್ಗಿ, ಅಲ್ಲಿ ಜೇನುಗೂಡಿನ ಹಾಗಿರುವ ಹೊಗೆ ಶುದ್ಧ ಮಾಡುವ ಭಾಗವನ್ನು ಸುಟ್ಟು ಕರಗಿಸಿಬಿಡುತ್ತದೆ. ಹಿಂದೆಲ್ಲ ಜನ ಮಿಣುಕುವ ದೀಪದ ಮೇಲೆ ದೇವರ ಸ್ಟಿಕರ್ ಅಂಟಿಸಿಕೊಂಡು ಓಡಿಸುತ್ತಿದ್ದರು. ಈಗ ಪೆಟ್ಟಿಗೆಯೇ ಗಾಡಿಯನ್ನು ರಸ್ತೆ ಬದಿಗೆ ತೆವಳಿಸಿ, ಎಂಜಿನ್ನಿಗೆ ಬೀಗ ಹಾಕಿ, ಕೋಲಾರದ ವಾಹನ ನಾಡಿ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು.

ಆ ಕೇಂದ್ರದಲ್ಲೇ ಶಶಿರೇಖಳಿಗೆ ಕೆಲಸ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದು ಸಿಕ್ಕಿದ್ದು ಅವಳ ಕಿವಿಯಿಂದಾಗಿ. ರಸ್ತೆಯಲ್ಲಿ ಸಿಕ್ಕಿಕೊಂಡವರು ಫೋನ್ ಮಾಡಿ ಕೂಗಾಡುವುದನ್ನು ತಾಳ್ಮೆಯಿಂದ ಕೇಳಿ, ಎಲ್ಲಿದ್ದಾರೆ, ಏನಾಯಿತು ಎಂದು, ಪೆಟ್ಟಿಗೆಗಳ ಸುದ್ದಿಯನ್ನೆಲ್ಲ ಕೂಡಿಸಿ ತೀರ್ಮಾನ ಮಾಡುವ ಕೇಂದ್ರದ ಯಂತ್ರಕ್ಕೆ ತಿಳಿಸುವುದು. ಅವಳು ಮಾತಾಡಬೇಕಾದದ್ದು ಕಡಿಮೆ, ಕೇಳಬೇಕಾದದ್ದು ಹೆಚ್ಚು.

ವಿಜಯದಶಮಿಯ ಬೆಳಿಗ್ಗೆ ಅವಳು ಬಸ್ಸಿನಲ್ಲಿ ಕೇಂದ್ರಕ್ಕೆ ಬಂದಾಗ ಹಾಲ್‌ನ ಗೋಡೆ ತುಂಬಿದ್ದ ನಕ್ಷೆ ಕೋಲಾರದ ಮೇಲಿನ ಒಂದೆರಡು ಕೆಂಪು ಚುಕ್ಕೆ ಬಿಟ್ಟರೆ ಎಂದಿನಂತೆ ಹಸಿರಾಗಿತ್ತು. ಮಿಣುಕುವ ಗಾಡಿಗೊಂದು ಕೆಂಪು ಚುಕ್ಕೆ ಬೀಳುವುದು ವಾಡಿಕೆ. ಅವಳು ಟೀ ಲೋಟ ಕೆಳಗಿಡುವಷ್ಟರಲ್ಲಿ ಚಿಂತಾಮಣಿಯ ಮೇಲೆ ನಾಲ್ಕಾರು ಚುಕ್ಕೆ ಬಿದ್ದವು. ಆಮೇಲೆ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ. ಬಿಸಿಲೇರಿದ ಹಾಗೆಲ್ಲ ಕೆಂಪು ಹರಡುತ್ತಾ ಹೋಯಿತು.

"ಮೇಡಂ, ನೋಡಿ ಬನ್ನಿ. ಮ್ಯಾಪಿಗೆ ಅಮ್ಮ ಆದಂಗೈತೆ," ಎಂದ ಸ್ಟ್ಯಾನ್ಲಿ. ಅವನು ಕೆ.ಜಿ.ಎಫ್. ಹುಡುಗ, ನಕ್ಷೆ ನೋಡಿಕೊಳ್ಳುವವನು, ಪಕ್ಕದ ಮೇಜಿನವನು.

ಪಾಳಿಯ ಎಂಜಿನಿಯರ್ ನೀಲಾಂಬಿಕಾ ಮೇಡಂ ತಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದರು. ಗದಗದವರು. ಎಷ್ಟು ವರ್ಷ ಈ ಕಡೆ ಇದ್ದರೂ ಮಾತು ಮಾತ್ರ ಗದಗ ಬಿಟ್ಟು ಬಂದಿರಲಿಲ್ಲ.

"ಯವ್ವಾ, ಇದೇನಿದು? ಯಂತ್ರ ಏನಂತೈತಿ?"

ಯಂತ್ರ ಆಗಲೇ ತೀರ್ಮಾನಕ್ಕೆ ಬಂದಿತ್ತು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: *ಪಿಡುಗು. ಕಾರಣ: ಇಂಧನದಲ್ಲಿ ನೀರು. ಕ್ರಮ: ಎಲ್ಲ ಪೆಟ್ರೋಲ್ ವಾಹನಗಳ ನಿಲುಗಡೆ.*

ಅದರ ತರ್ಕ ತಪ್ಪೆನ್ನುವಂತಿರಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಕಬ್ಬಿನಿಂದ ತೆಗೆದ ಸ್ಪಿರಿಟ್ಟೇ ಬಹುಪಾಲು. ಸ್ಪಿರಿಟ್ಟಿಗೆ ನೀರು ಕುಡಿಯುವ ಚಟ. ಒಂದೇ ಸೀಮೆಯಲ್ಲಿ ಒಂದೇ ಬೆಳಿಗ್ಗೆ ಇಷ್ಟೊಂದು ಗಾಡಿಗಳು ಕಿಡಿ ತಪ್ಪಿದರೆ, ಟ್ಯಾಂಕರಿನಲ್ಲೇ ನೀರು ಸೇರಿದೆ ಎನ್ನದೆ ಇನ್ನೇನು ಹೇಳಬೇಕು? ಕೆಟ್ಟ ಗಾಡಿಗಳ ಜೊತೆ ಇನ್ನೂ ಕೆಡದ ಗಾಡಿಗಳಿಗೂ ಬೀಗ ಹಾಕಬೇಕು, ಎಲ್ಲವೂ ಕರಗುವ ಮೊದಲೇ.

"ಅರ್ಧ ತಾಸಿನ್ಯಾಗ ನಾವು ಬ್ಯಾಡ ಅನ್ನಲಿಲ್ಲಂದ್ರ ಅದ ತಾನ ನಿಲ್ಲಿಸ್ತೈತಿ," ಎಂದರು ಮೇಡಂ. "ಬ್ಯಾಡ ಅನ್ನಾಕ ಪುರಾವೆ ಬೇಕ. ಬರೇ ಮನಸಿಗೆ ಬರವಲ್ತು ಅಂದ್ರ ಅದು ಕೇಳೂದಿಲ್ಲ."

ಅಷ್ಟರಲ್ಲಿ ಶಶಿರೇಖಳ ಮೇಜಿನ ಫೋನು ಹೊಡೆದುಕೊಂಡಿತು.

"ಶಶೀ, ನಿಮ್ಮ ಪೆಟ್ಟಿಗೆ ನನ್ನ ನಿಲ್ಲಿಸ್ಬಿಟ್ಟೈತೆ ಕಣೇ."

"ಅತ್ತೆ? ಎಲ್ಲಿದೀಯ?"

"ಚಿಂತಾಮಣಿ ರಸ್ತೇಲಿ, ಕದಿರೇನಹಳ್ಳಿ ಇನ್ನೂ ದೂರ ಐತೆ ಅನ್ನೋವಾಗ ದೀಪ ಮಿಣಮಿಣ ಅಂತು. ಗಾಡಿ ಕುಂಟ್ಕೊಂಡು ಹೋಗಿ ಹುಣಸೆ ಮರದ ಕೆಳಗೆ ಕೂತ್ಕೊಂಡ್ಬಿಡ್ತು. ಬೈದೆ, ಹೊಡ್ದೆ, ಕೈ ಮುಗ್ದೆ. ಊಹೂಂ."

ಕಾರಿನ ಹಿಂದಿನ ಸೀಟು ಕಿತ್ತು ಜೋಡಿಸಿದ ತಟ್ಟೆಗಳಲ್ಲಿ ಕದಿರೇನಹಳ್ಳಿಯವರ ಹುಳುಗಳಿದ್ದವು. ಊರಿನ ಐದು ಮನೆಯವರು ಸೊಪ್ಪು ಕೊಯ್ದಿಟ್ಟುಕೊಂಡು ಕಾಯುತ್ತಿದ್ದರು. ಬೇಸಿಗೆಯಲ್ಲಿ ಒಂದು ಸಲ ಬಾಡಿಗೆ ಆಟೋ ನಡುದಾರಿಯಲ್ಲಿ ಕೆಟ್ಟು, ಅವರಿಗೆಂದು ಹೊರಟ ಮರಿಗಳೆಲ್ಲ ಬಿಸಿಲಿಗೆ ಬೆಂದು ಹೋಗಿದ್ದವು. ನಾರೆಮ್ಮ ಹಳೆಯ ಕಾರು ಕೊಂಡದ್ದೇ ಆಮೇಲೆ. ಊರಿನವರು ಮುನಿಸು ನುಂಗಿಕೊಂಡು, ಇದೊಂದು ಸಲ ನೋಡೋಣ ಎಂದಿದ್ದರು. ಈ ಸಲವೂ ಹೋದರೆ ನಾರೆಮ್ಮನ ಹುಳುಮನೆಗೆ ಇನ್ನು ಯಾರೂ ಬರುವುದಿಲ್ಲ.

"ಹುಳ ಹೆಂಗವೆ ಅತ್ತೆ?"

"ಜ್ವರ ಏಳ್ತಾ ಅವೆ. ಎದ್ದವು ಆಗ್ಲೇ ಸೊಪ್ಪು ಹುಡುಕ್ತವೆ. ಬಿಸ್ಲು ಗಾಡಿ ಒಳಕ್ಕೆ ಬರೋಕೆ ಮುಂಚೆ ನಾನು ಅಲ್ಲಿರ್ಬೇಕು."

"ಬೇರೆ ಯಾವುದಾದ್ರೂ ಗಾಡಿ..."

"ಯಾವುದ್ ಹತ್ಲಿ? ನನ್ ಮುಂದೆ ಒಂದು ಜೀಪು ನಿಂತೈತೆ, ಹಿಂದೆ ಒಬ್ಬ ಮದುಮಗ ನಿಂತವ್ನೆ. ಹೂವಿನ ಹಾರ ಹಾಕ್ಕೊಂಡು ಕಾರಿಗೆ ಒದೀತಾ ಅವ್ನೆ."

ಮೇಡಂ ಅತ್ತ ನಕ್ಷೆಯ ಮುಂದೆ ನಿಂತು ಒಂದೊಂದೇ ಚುಕ್ಕೆಯನ್ನು ಬಿಡಿಸಿ ನೋಡುತ್ತಿದ್ದರು. "ಸ್ಟ್ಯಾನ್ಲಿ, ಇಲ್ನೋಡು. ಪೆಟ್ರೋಲಿನ್ಯಾಗ ನೀರಿದ್ರ ನಾಲ್ಕೂ ಕೊಳವಿ ಕೆಮ್ಮಬೇಕ. ಇಲ್ಲಿ ಒಂದ ಕೆಮ್ಮತೈತಿ. ಇದರಾಗೂ ಒಂದ. ಇದರಾಗ ಎರಡು. ಉಳಿದಾವು ಗಟ್ಟಿಮುಟ್ಟ ಅದಾವು. ಯಂತ್ರ ನೀರು ಅಂತೈತಿ. ನೀರು ಒಂದ ಕೊಳವಿ ಹುಡುಕ್ಯಾಡಿ ಹೊಕ್ಕೈತೇನು?"

ನೀರು ಎಂಬ ಮಾತು ಕಿವಿಗೆ ಬಿದ್ದದ್ದೇ ಶಶಿರೇಖಳ ಬಲಗೈ ಹೆಬ್ಬೆರಳು ತಣ್ಣಗಾಯಿತು. ನಿನ್ನೆ ಆ ಬೆರಳನ್ನೇ ಪೈಪಿನ ಬಾಯಿಗೆ ಒತ್ತಿ ಹಿಡಿದಿದ್ದಳು. ಎಂಜಿನ್ನಿನ ನೆತ್ತಿಯ ಮೇಲಿನ ಜಿಡ್ಡು ಹೋಗಲೆಂದು ಅಲ್ಲೇ ತುಂಬ ಹೊತ್ತು ನೀರು ಬಿಟ್ಟಿದ್ದಳು. ಓಣಿಯ ಅಷ್ಟೂ ಮನೆಗಳ ಮುಂದೆ ಹರಿಯುತ್ತಿದ್ದ ನೊರೆ ನೀರು ಕಣ್ಣ ಮುಂದೆ ಬಂತು.

ಹೇಳಿದರೆ ತಾನೇ ಮಾಡಿದ್ದೆಂದು ಒಪ್ಪಿದಂತೆ. ಹೇಳದೆ ಕೂತರೆ ಬಿಸಿಲು ಏರುತ್ತದೆ. ಅವಳು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ನಿಂತಳು.

"ಮೇಡಂ," ಎಂದ ಸ್ಟ್ಯಾನ್ಲಿ, "ಶಶಿ ಎದ್ದು ನಿಂತವ್ಳೆ. ಸೀರಿಯಸ್ಸು ಅನ್ಸುತ್ತೆ."

"ಏನಮ್ಮಾ?"

"ನಿನ್ನೆ ನಾನು... ಎಂಜಿನ್ ತೊಳೆದೆ."

"ಏನ್ ತೊಳದಿ?"

"ಎಂಜಿನ್ನು ಮೇಡಂ. ಪೈಪಲ್ಲಿ. ಪೂಜೆಗೆ. ಎಲ್ಲರೂ ತೊಳೀತಾರೆ. ಆಮೇಲೆ ರಾತ್ರಿಯೆಲ್ಲ ಹಂಗೇ ನಿಲ್ಲಿಸಿರ್ತಾರೆ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಸ್ಟಾರ್ಟ್ ಮಾಡ್ತಾರೆ."

ಸ್ಟ್ಯಾನ್ಲಿ ಕುರ್ಚಿ ತಿರುಗಿಸಿದ. "ನಮ್ಮಪ್ಪನೂ ತೊಳೆದ್ರು. ಭಾನುವಾರ ಚರ್ಚು, ಆಯುಧಪೂಜೆ ದಿನ ಗಾಡಿಗೆ ಕುಂಬಳಕಾಯಿ. ಎರಡೂ ಕಡೆ ಇರ್ಲಿ ಅಂತಾರೆ."

ನೀಲಾಂಬಿಕಾ ಮೇಡಂ ಹಣೆಗೆ ಕೈ ಹಚ್ಚಿಕೊಂಡರು. ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. "ನಾನೂ ತೊಳದೀನಿ! ಮುಂಜಾನೆ ಗಾಡಿ ಢಕಢಕ ಅಂತು, ದೀಪ ಮಿಣಕ್ತು. ಪೆಟ್ರೋಲ್ ಕೆಟ್ಟೈತಿ ಅಂತ ಬೈಕೋತ ಬಸ್ಸಿಗೆ ಬಂದೀನಿ. ಆ ಮ್ಯಾಪಿನ್ಯಾಗ ಒಂದು ಚುಕ್ಕಿ ನಂದೂ ಐತಿ ನೋಡ್ರಿ!"

ಹಿಂದಿನ ವರ್ಷಗಳಲ್ಲೂ ಹೀಗೇ ಆಗಿರಬೇಕು. ಗಾಡಿಗಳು ಒಂದಷ್ಟು ದೂರ ಕುಂಟುತ್ತಾ ಹೋಗಿ, ಎಂಜಿನ್ನಿನ ಬಿಸಿಗೆ ನೀರು ಆರಿ, ತಾವೇ ಸರಿಯಾಗಿರಬೇಕು. ಯಾರೂ ಲೆಕ್ಕ ಇಟ್ಟಿರಲಿಲ್ಲ. ಯಂತ್ರಕ್ಕೆ ಇದು ಮೊದಲ ದಸರಾ. ನೀರು ಎಂದು ಅದು ಸರಿಯಾಗಿಯೇ ಹೇಳಿತ್ತು. ನೀರು ಎಲ್ಲಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತಾಗಿರಲಿಲ್ಲ.

"ಆದ್ರ ಅದಕ್ಕ ಹಬ್ಬ ಅಂದ್ರ ತಿಳಿಯೂದಿಲ್ಲ," ಎಂದರು ಮೇಡಂ, ನಗು ಒರೆಸಿಕೊಂಡು. "ಒಂದರ ಗಾಡಿ ಒಣಗಿಸಿ ಓಡಿಸಿ ತೋರಿಸಬೇಕ. ಯಾರು ಸಿಗ್ತಾರ ಈಗ?"

ಶಶಿರೇಖ ಫೋನನ್ನು ಮುಂದೆ ಚಾಚಿದಳು. "ನಮ್ಮ ಅತ್ತೆ."

ಮೇಡಂ ಫೋನಿನ ಸ್ವರವನ್ನು ಇಡೀ ಹಾಲ್‌ಗೆ ಕೇಳುವಂತೆ ಮಾಡಿದರು. ಅವರ ಗದಗದ ಮಾತು ನಾರೆಮ್ಮನಿಗೆ ಅರ್ಧ ತಿಳಿಯಲಿಲ್ಲ. ಹಾಗಾಗಿ ಮೇಡಂ ಹೇಳಿದ್ದನ್ನು ಶಶಿರೇಖ ಮತ್ತೆ ಹೇಳಬೇಕಾಯಿತು.

"ಅತ್ತೆ, ಕೀ ತೆಗೆದು ಜೇಬಿಗೆ... ಸೊಂಟಕ್ಕೆ ಸಿಕ್ಕಿಸ್ಕೋ. ಗಾಡಿ ಆಫ್ ಆಗಿರ್ಬೇಕು. ಬಾನೆಟ್ ಎತ್ತು. ಎಂಜಿನ್ ಬಿಸಿ ಇರುತ್ತೆ, ಬಟ್ಟೆ ಸುತ್ತಿ ಹಿಡ್ಕೋ. ಮೇಲ್ಗಡೆ ಪ್ಲಾಸ್ಟಿಕ್ ಮುಚ್ಚಳ ಐತಲ್ಲ, ಕೀಳು. ಅದರ ಕೆಳಗೆ ಕರೀ ಕಡ್ಡಿ ನಾಲ್ಕು ನೆಟ್ಟಂಗಿರ್ತವೆ."

"ಅವೆ. ವೈರು ಕಚ್ಕೊಂಡವೆ."

"ಅವೇ ಕಾಯಿಲ್ಲು. ಕಿಡಿಗೆ ಕರೆಂಟು ಕೊಡೋದು ಅವೇ. ಅದರ ಕೆಳಗೆ ಆಳದ ಗುಂಡಿ, ಗುಂಡಿಯ ತಳದಲ್ಲಿ ಸ್ಪಾರ್ಕ್ ಪ್ಲಗ್ಗು. ಎರಡನೇದು ಕೆಮ್ತಾ ಐತೆ ಅಂತ ಇಲ್ಲಿ ತೋರಿಸ್ತೈತೆ. ವೈರ್ ಬಿಡಿಸಿ, ಒಂದೇ ಬೋಲ್ಟು, ಬಿಚ್ಚಿ ನೆಟ್ಟಗೆ ಮೇಲಕ್ಕೆ ಎಳಿ."

"ನಿನ್ನೆ ಪೂಜೆ ಮಾಡಿದ್ ಸ್ಪ್ಯಾನರ್ರು ಇವತ್ತು ಮೊದ್ಲು ಎತ್ತೋದು ಇದಕ್ಕೇನಾ," ಎನ್ನುತ್ತಾ ನಾರೆಮ್ಮ ಕಬ್ಬಿಣ ಕಟಕಟಾಯಿಸಿದಳು. ಒಂದು ಉಸಿರುಗರೆದ ಸದ್ದು. ಆಮೇಲೆ, "ಅಯ್ಯಯ್ಯೋ ಶಶೀ! ಬಾವಿ ಐತಲ್ಲೇ ಇದ್ರೊಳಗೆ! ತಳದಲ್ಲಿ ನೀರು ಫಳಫಳ ಅಂತೈತೆ!"

ಹಾಲ್‌ನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಕೈ ಎತ್ತಿ ಸುಮ್ಮನಿರಿಸಿದರು. "ಕರೆಂಟು ಪ್ಲಗ್ಗಿಗೆ ಹೋಗೂದು ಬಿಟ್ಟು ಆ ನೀರು ಹಿಡದು ಗುಂಡಿ ಗ್ವಾಡಿಗೆ ಹೊಂಟೈತಿ. ನೀರು ತಗೀ ಅನ್ನು."

"ನೀರು ತೆಗೀಬೇಕಂತೆ ಅತ್ತೆ."

"ಸುಣ್ಣದ ಪುಡಿ ಐತೆ, ಹುಳಕ್ಕೆ ಉದುರಿಸೋದು. ಒಂದು ಹಿಡಿ ಹಾಕ್ಲಾ? ಹೀರ್ಕೊಳ್ತೈತೆ."

"ಬ್ಯಾಡ! ಬ್ಯಾಡ!" ಎಂದು ಮೇಡಂ ತಾವೇ ಕೂಗಿದರು. ಅದು ನಾರೆಮ್ಮನಿಗೂ ತಿಳಿಯಿತು.

"ಬತ್ತಿ ಮಾಡು ಅತ್ತೆ," ಎಂದಳು ಶಶಿರೇಖ. "ತಟ್ಟೆಗೆ ಹೊದಿಸಿದ ಹಳೇ ಪಂಚೆ ಹರಿದು, ದೀಪಕ್ಕೆ ಹೊಸೆದಂಗೆ ಉದ್ದಕ್ಕೆ ಹೊಸೆದು ಇಳಿಬಿಡು. ನೀರು ಕುಡಿದ್ಮೇಲೆ ಎತ್ತಿ ಹಿಂಡು. ಮತ್ತೆ ಇಳಿಬಿಡು."

ಹೊಸೆಯುವ ಸದ್ದು ಕೇಳಿಸಲಿಲ್ಲ. ರಸ್ತೆಯ ಮೇಲೆ ಮದುಮಗ ಯಾರನ್ನೋ ಬೈಯುವುದು ಕೇಳಿಸುತ್ತಿತ್ತು. ಪರದೆಯ ಮೇಲೆ ಯಂತ್ರ ಕೊಟ್ಟಿದ್ದ ಹೊತ್ತು ಕರಗುತ್ತಿತ್ತು. ನಾರೆಮ್ಮ ಕೊನೆಗೂ ಕಾಯಿಲ್ ಕೂರಿಸಿ, ಬೋಲ್ಟ್ ಬಿಗಿದು, ವೈರ್ ಕಚ್ಚಿಸಿದಳು. ಪರೀಕ್ಷೆಗೆಂದು ಮೇಡಂ ಆ ಒಂದು ಕಾರಿನ ಬೀಗ ತೆಗೆದರು.

ಎಂಜಿನ್ ಕೆಮ್ಮಿತು. ಹೊತ್ತಿಕೊಂಡಿತು. ಮತ್ತೆ ಕೆಮ್ಮಿತು.

"ಮಿಣುಕ್ತಾನೇ ಐತೆ ಕಣೇ," ಎಂದಳು ನಾರೆಮ್ಮ. ಮೊದಲ ಸಲ ಆಕೆಯ ಸ್ವರದಲ್ಲಿ ತಮಾಷೆಯಿರಲಿಲ್ಲ. "ಶಶೀ, ಹುಳ ತಟ್ಟೆ ಅಂಚಿಗೆ ಹತ್ತಿ ಬರ್ತಾ ಅವೆ. ಮುಟ್ಟಿದ್ರೆ ಬೆಚ್ಚಗವೆ."

ಶಶಿರೇಖ ಮೇಡಂ ಮುಖ ನೋಡಿದಳು. ಮೇಡಂ ನಕ್ಷೆ ನೋಡುತ್ತಿದ್ದರು. ಅವರು ತುಟಿ ಕಚ್ಚಿಕೊಂಡು, ಎರಡು ಬೆರಳುಗಳಿಂದ ಗಾಳಿಯಲ್ಲಿ ಒಂದು ಕೊಳವೆಯ ಆಕಾರ ಬರೆದರು. "ಬಾವಿ ಒಣಗೈತಿ. ಹಂಗಾರ ಕೊಡಾ ಒಣಗಿಲ್ಲ. ಕಾಯಿಲ್ಲಿನ ಬುಡಕ್ಕ ರಬ್ಬರ್ ಟೊಪ್ಪಿಗಿ ಇರತೈತಲ್ಲ, ಅದರೊಳಗ ನೀರು ನಿಂತಿರಬೇಕ. ಕಿತ್ತಿ ಜಾಡಿಸಿ, ಒಳಗ ಒರಸು ಅನ್ನು."

ಹೌದು, ನಾರೆಮ್ಮ ಹೊರಗೆಲ್ಲ ಒರೆಸಿದ್ದಳು, ಟೊಪ್ಪಿಯ ಒಳಗೆ ಬೆರಳು ಹಾಕಿರಲಿಲ್ಲ. ಆಕೆ ಗಾಡಿ ಆಫ್ ಮಾಡಿ, ಮತ್ತೆ ಬಿಚ್ಚಿ, ಜಾಡಿಸಿ, ಬತ್ತಿಯ ತುದಿಯನ್ನು ಒಳಗೆ ತಿರುವಿ, ಬಾಯಿಂದ ಊದಿ, ಕೂರಿಸಿದಳು. ಕೀ ತಿರುವಿದಳು.

ಫೋನಿನಲ್ಲಿ ಎಂಜಿನ್ ಸದ್ದು ಬಂತು. ಒಂದೆರಡು ಸಲ ತಡವರಿಸಿತು. ಆಮೇಲೆ ಒಂದೇ ಸಮನಾಗಿ, ದಾರ ಸುತ್ತುವ ರಾಟೆಯ ಹಾಗೆ, ತಿರುಗತೊಡಗಿತು.

"ನಿಂತೋಯ್ತು ಕಣೇ! ಮಿಣುಕೋದು ನಿಂತೋಯ್ತು! ಹೊತ್ಕೊಂಡೈತೆ ಅಷ್ಟೇ, ಗಟ್ಟಿಯಾಗಿ."

"ಹೊತ್ತಿರಲಿ, ಅದು ನೆನಪಿನ ದೀಪ, ಒಂದೆರಡು ದಿನದಾಗ ತಾನ ಆರತೈತಿ," ಎಂದರು ಮೇಡಂ. ನಕ್ಷೆಯ ಮೇಲೆ ಚಿಂತಾಮಣಿ ರಸ್ತೆಯ ಒಂದು ಚುಕ್ಕೆ ಹಳದಿಯಾಗಿ, ಕರಗಿ, ಹಸಿರಿನಲ್ಲಿ ಸೇರಿಹೋಯಿತು. ಮೇಡಂ ಯಂತ್ರದ ಮುಂದೆ ಕೂತು ಅದನ್ನೇ ಪುರಾವೆಯಾಗಿ ಕೊಟ್ಟರು: ಪೆಟ್ರೋಲ್ ಅದೇ, ಟ್ಯಾಂಕ್ ಅದೇ, ಒಣಗಿಸಿದ್ದು ಗುಂಡಿಯನ್ನು ಮಾತ್ರ, ಗಾಡಿ ನೆಟ್ಟಗಾಗಿದೆ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಪಿಡುಗು ಎಂಬ ದಪ್ಪಕ್ಷರ ಪರದೆಯಿಂದ ಅಳಿಸಿಹೋಯಿತು.

ಸ್ಟ್ಯಾನ್ಲಿ ಮೇಜು ಗುದ್ದಿದ. ಶಶಿರೇಖ ಕೂತಳು.

ಆದರೆ ಕೂತಿರಲು ಪುರುಸೊತ್ತಿರಲಿಲ್ಲ. ಫೋನುಗಳು ಹೊಡೆದುಕೊಳ್ಳುತ್ತಲೇ ಇದ್ದವು. ಮಧ್ಯಾಹ್ನದವರೆಗೂ ಅವಳು ಮಾತಾಡಿದಳು. ಕೀ ತೆಗೀರಿ, ಬಾನೆಟ್ ಎತ್ರಿ, ಬಟ್ಟೆ ಹೊಸೀರಿ, ಟೊಪ್ಪಿ ಒಳಗೆ ಒರೆಸೋದು ಮರೀಬೇಡಿ. ವಕೀಲರಿಗೆ ಹೇಳಿದಳು, ಸೊಪ್ಪಿನ ವ್ಯಾಪಾರಿಗೆ ಹೇಳಿದಳು, ಹೆರಿಗೆಗೆ ಹೊರಟವರಿಗೆ ಹೇಳಿದಳು. ಹುಣಸೆ ಮರದ ಕೆಳಗಿನ ಮದುಮಗನಿಗೆ ಮಾತ್ರ ಹೇಳಬೇಕಾಗಲಿಲ್ಲ. ನಾರೆಮ್ಮ ಹೊರಡುವ ಮುಂಚೆ ಬತ್ತಿಯನ್ನು ಅವನ ಕೈಗೆ ಕೊಟ್ಟು ಹೋಗಿದ್ದಳಂತೆ. ನಕ್ಷೆಯ ಕೆಂಪು ಒಂದೊಂದಾಗಿ ಇಳಿಯಿತು. ಜ್ವರ ಬಿಟ್ಟ ಮೈಯ ಹಾಗೆ ಹಾಲ್ ತಣ್ಣಗಾಯಿತು.

ನಡುವೆ ಒಂದು ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ಸೋನೆ ಸುರಿಯುವಂಥ ಸದ್ದಷ್ಟೇ ಬಂತು. ಶಶಿರೇಖ ಕಣ್ಣು ಮುಚ್ಚಿ ಕೇಳಿದಳು. ಹುಳುಗಳು ಸೊಪ್ಪು ತಿನ್ನುತ್ತಿದ್ದವು.

"ಕೇಳಿಸ್ತಾ?" ಎಂದಳು ನಾರೆಮ್ಮ ಪಿಸುಮಾತಿನಲ್ಲಿ. "ಅಂಚಿನ ಒಂದು ಸಾಲು ಬಾಡೋಗೈತೆ. ಮಿಕ್ಕಿದ್ದೆಲ್ಲ ಕೂತು ಉಣ್ತಾ ಅವೆ. ಮುಂದಿನ ಬೆಳೆಗೂ ನೀನೇ ತಂದ್ಕೊಡವ್ವ ಅಂದ್ರು."

ಸಂಜೆ ಶಶಿರೇಖ ಮನೆಗೆ ಬಂದಾಗ ಕಾರು ಅಂಗಳದಲ್ಲಿತ್ತು. ತೊಳೆದ ತಟ್ಟೆಗಳನ್ನು ಗೋಡೆಗೆ ಒರಗಿಸಿತ್ತು. ನಾರೆಮ್ಮ ಹುಳುಮನೆಯ ಜಗಲಿಯ ಮೇಲೆ ಚಾಪೆ ಕೂಡ ಹಾಸದೆ ಮಲಗಿ ನಿದ್ದೆ ಹೋಗಿದ್ದಳು, ಬೆರಳುಗಳಲ್ಲಿ ಇನ್ನೂ ಎಂಜಿನ್ನಿನ ಕರಿ. ಶಶಿರೇಖ ಒಂದು ದುಪ್ಪಟಿ ತಂದು ಹೊದಿಸಿದಳು.

ಆಮೇಲೆ ಕಾರಿನ ಬಾಗಿಲು ತೆಗೆದು ಒಳಗೆ ಕೂತಳು. ಸೊಪ್ಪಿನ ವಾಸನೆ ಇನ್ನೂ ಇತ್ತು. ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿದಳು. ನಾಡಿಪೆಟ್ಟಿಗೆಯ ಮೇಲೆ ಅವಳಿಟ್ಟ ಕುಂಕುಮ ಸ್ವಲ್ಪ ಅಳಿಸಿತ್ತು. ಅವಳು ಅದನ್ನು ಬೆರಳಲ್ಲಿ ಸರಿಮಾಡಿದಳು. ಅದಕ್ಕೆ ಕಿವಿ ಇಲ್ಲ, ಎಣಿಸುವುದಷ್ಟೇ ಅದರ ಕೆಲಸ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ, ಬೆಳಿಗ್ಗೆಯಿಂದ ಮಾತಾಡಿ ಒಡೆದ ಗಂಟಲಿನಲ್ಲಿ, ಅತ್ತೆಗೆ ಎಚ್ಚರವಾಗದಷ್ಟು ಮೆಲ್ಲಗೆ ಅವಳು ಹೇಳಿದಳು:

"ಇನ್ನೊಂದು ಸಲ ನಿಲ್ಲಿಸೋಕೆ ಮುಂಚೆ, ನಿನ್ನೆ ಏನು ಮಾಡಿದ್ರಿ ಅಂತ ನಮ್ಮನ್ನ ಒಂದು ಮಾತು ಕೇಳು."